ನಕ್ಷೆಯ ಹುಚ್ಚು ಮತ್ತು ನಮ್ಮೂರ ಚರಿತ್ರೆ

ಕೆಲವರಿಗೆ ಹಳೆ ನಾಣ್ಯದ ಹುಚ್ಚು, ಕೆಲವರಿಗೆ ಕ್ಯಾಮೆರಾದ ಹುಚ್ಚು. ನನ್ನದು ನಕ್ಷೆಯ ಹುಚ್ಚು. ಹೊಟ್ಟೆಪಾಡಿಗೆ ಬೆಂಗಳೂರಲ್ಲಿ ಕೋಡ್ ಬರೆಯುತ್ತೇನೆ. ಶನಿವಾರ ಬಂತೆಂದರೆ ಕಾರವಾರ-ಅಂಕೋಲೆಯ ಹಳೆ ನಕ್ಷೆಗಳನ್ನು ಅಂತರಜಾಲದಲ್ಲಿ ಹುಡುಕುವುದು, ಇಳಿಸಿಕೊಳ್ಳುವುದು, ಒಂದರ ಮೇಲೊಂದು ಹೊಂದಿಸಿ ನೋಡುವುದು. ಸೆಕೆಂಡ್ ಹ್ಯಾಂಡ್ ಜಿಪಿಎಸ್ ಉಪಕರಣವೊಂದಿದೆ. ಊರಿಗೆ ಹೋದಾಗ ಅದನ್ನು ಹಿಡಿದು ಬೇಲೆಗುಂಟ ಅಲೆಯುತ್ತೇನೆ. ಗೆಳೆಯರು ಗೀಕ್ ಅನ್ನುತ್ತಾರೆ. ಊರಲ್ಲಿ ಅದಕ್ಕೆ ಬೇರೆ ಶಬ್ದಗಳಿವೆ, ಇಲ್ಲಿ ಬೇಡ ಬಿಡಿ :-)

ಈ ಹುಚ್ಚಿನಿಂದ ಸಿಕ್ಕ ಒಂದಿಷ್ಟು ಚರಿತ್ರೆಯನ್ನು ಇವತ್ತು ಹಂಚಿಕೊಳ್ಳೋಣ ಅಂತ. ಇಷ್ಟು ನಕ್ಷೆ ನೋಡಿದ ಮೇಲೆ ನನಗೆ ಗೊತ್ತಾದದ್ದು ಒಂದೇ ಮಾತು: ನಕ್ಷೆ ಬರೆದವನಿಗೆ ಏನು ಬೇಕಿತ್ತೋ ಅಷ್ಟೇ ಅದರಲ್ಲಿ ಇರುತ್ತದೆ. ನಮ್ಮ ಕರಾವಳಿಯಷ್ಟು ಚೆನ್ನಾಗಿ ಇದನ್ನು ತೋರಿಸುವ ಜಾಗ ಕಡಿಮೆ.

ಮೊದಲು ಸಮುದ್ರದಿಂದ ಬಂದವರ ಕಣ್ಣಲ್ಲಿ ನೋಡಿ. ಕಾರವಾರದ ಎದುರಿಗೆ ಅಂಜದೀವ್ ಅಂತ ಒಂದು ದ್ವೀಪ ಇದೆ. ನಮ್ಮ ದಡಕ್ಕೆ ಇಷ್ಟು ಹತ್ತಿರವಿದ್ದರೂ ಆಡಳಿತದ ಲೆಕ್ಕದಲ್ಲಿ ಅದು ಗೋವಾದ್ದು. 1498ರಲ್ಲಿ ವಾಸ್ಕೋ ಡ ಗಾಮಾ ಊರಿಗೆ ವಾಪಸು ಹೊರಟಾಗ ಹಡಗು ರಿಪೇರಿಗೆ, ಕುಡಿಯುವ ನೀರಿಗೆ ಇಲ್ಲಿ ನಿಂತಿದ್ದ. 1505ರಲ್ಲಿ ಪೋರ್ತುಗೀಸರು ಅಲ್ಲಿ ಕೋಟೆ ಕಟ್ಟಿ, ಮರುವರ್ಷವೇ ಬಿಟ್ಟು ಹೋದರು. ನನಗೆ ಹೆಚ್ಚು ಆಶ್ಚರ್ಯ ತಂದದ್ದು ಮುಂಬಯಿಯ ಕಥೆ. ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆಗೆ ಮುಂಬಯಿ ವರದಕ್ಷಿಣೆಯಾಗಿ ಸಿಕ್ಕಿತು ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅದನ್ನು ವಹಿಸಿಕೊಳ್ಳಲು ಬಂದ ಸೈನಿಕರಿಗೆ ಪೋರ್ತುಗೀಸರು ಬಾಗಿಲು ತೆರೆಯಲಿಲ್ಲ. ಅವರೆಲ್ಲ ಕಾಯುತ್ತ ಕೂತದ್ದು ಇದೇ ಅಂಜದೀವಿನಲ್ಲಿ. ಮಳೆ, ಜ್ವರ, ಆಹಾರದ ಕೊರತೆ ಎಲ್ಲ ಸೇರಿ ಬಹುಪಾಲು ಜನ ಅಲ್ಲೇ ಸತ್ತರು. ಅವರ ನಾಯಕ ಅಬ್ರಹಾಂ ಶಿಪ್‌ಮನ್ ಕೂಡ 1664ರಲ್ಲಿ ಅಲ್ಲೇ ತೀರಿಕೊಂಡ. ಉಳಿದವರು ಮುಂಬಯಿಯನ್ನು ವಶಕ್ಕೆ ಪಡೆದದ್ದು 1665ರ ಫೆಬ್ರವರಿಯಲ್ಲಿ. ಮುಂಬಯಿ ಚರಿತ್ರೆಯ ಮೊದಲ ಪುಟದಲ್ಲೇ ಕಾರವಾರದ ಕಡಲಿದೆ ನೋಡಿ!

ಹಡಗಿನವರ ನಕ್ಷೆಗೆ ಬೇಕಾದದ್ದು ನೀರಿನ ಆಳ, ಬಂಡೆ, ದೂರದಿಂದ ಕಾಣುವ ಗುಡ್ಡ. ದಡದಾಚೆ ಯಾರಿದ್ದರೇನು, ಯಾರಿಲ್ಲದಿದ್ದರೇನು! ನಮ್ಮ ದೇವಗಡ ದ್ವೀಪ ಅವರ ನಕ್ಷೆಯಲ್ಲಿ 'ಆಯ್‌ಸ್ಟರ್ ರಾಕ್ಸ್' ಆಯಿತು. ಬೆಂಗಳೂರಲ್ಲಿ ಕೂತು 'ದೇವಗಡ' ಅಂತ ಹುಡುಕಿದರೆ ಹಳೆ ದಾಖಲೆ ಒಂದೂ ಸಿಗದಿರುವುದಕ್ಕೆ ಇದೇ ಕಾರಣ.

ಆಮೇಲೆ ವ್ಯಾಪಾರದವರು ಬಂದರು. 1638ರಲ್ಲಿ ಕೋರ್ಟೀನ್ ಎಂಬ ಇಂಗ್ಲಿಷ್ ವರ್ತಕನ ಮಂಡಳಿ ಇಲ್ಲಿ ವ್ಯಾಪಾರ ಶುರುಮಾಡಿತು. ಮೆಣಸಿನಕಾಳು ಮತ್ತು ಒಳನಾಡಿನ ಬಟ್ಟೆ ಅವರ ಸರಕು. ಆಗಿನ ಕಾರವಾರ ಈಗಿನ ಜಾಗದಲ್ಲಿ ಇರಲಿಲ್ಲ; ಕಾಳಿ ನದಿಗುಂಟ ಇನ್ನೂ ಒಳಗೆ, ಕಡವಾಡದ ಬಳಿ ಇತ್ತು. ಕಾರವಾರ ಎಂಬ ಹೆಸರು ಬಂದದ್ದೂ ಕಡವಾಡದಿಂದಲೇ ಅನ್ನುತ್ತಾರೆ. ಅಂದರೆ ಊರು ತನ್ನ ಹೆಸರನ್ನು ಹೊತ್ತುಕೊಂಡು ಸಮುದ್ರದ ಕಡೆಗೆ ಸರಿದಿದೆ.

ಟಿಪ್ಪು 1799ರಲ್ಲಿ ಮಡಿದ ಮೇಲೆ ಕೆನರಾ ಕಂಪನಿಯ ಕೈಗೆ ಬಂತು. ಹೊಸ ಆಸ್ತಿಯಲ್ಲಿ ಏನೇನಿದೆ ಅಂತ ನೋಡಿ ಬರಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿದರು. 1801ರಲ್ಲಿ ಆತ ಗೋಕರ್ಣ, ಅಂಕೋಲೆ ದಾಟಿ ಸದಾಶಿವಗಡದವರೆಗೆ ಬಂದ. ಎಲ್ಲಿ ಯಾವ ಬೆಳೆ, ಎಷ್ಟು ಕಂದಾಯ, ಯಾವ ಜಾತಿಯವರು ಅಂತ ಊರೂರಿಗೆ ಬರೆದುಕೊಂಡ. 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ಓದಿ ನೋಡಿ. ಕಂದಾಯ ಹುಟ್ಟುವ ಊರೆಲ್ಲ ಅವನ ಕಣ್ಣಿಗೆ ಬಿದ್ದಿದೆ.

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಅಲ್ಲಿಂದ ಹತ್ತಿ ಬರುವುದು ನಿಂತು ಮ್ಯಾಂಚೆಸ್ಟರಿನ ಗಿರಣಿಗಳು ಕಂಗಾಲು. ಹುಬ್ಬಳ್ಳಿ-ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಸಾಗಿಸಲು ಕಾರವಾರಕ್ಕಿಂತ ಒಳ್ಳೆ ಬಂದರು ಎಲ್ಲಿದೆ ಅಂತ ಲೆಕ್ಕ ಹಾಕಿದರು. ದೇವಗಡದ ಮೇಲೆ ದೀಪಸ್ತಂಭ ಎದ್ದದ್ದು 1864ರಲ್ಲಿ, ಈ ಉತ್ಸಾಹದ ದಿನಗಳಲ್ಲೇ. ರೈಲು ಮಾತ್ರ ಬರಲಿಲ್ಲ. 1880ರ ದಶಕದಲ್ಲಿ ಅದು ಗೋವಾದ ಮುರಗಾಂವಿಗೆ ಹೋಯಿತು. ಕಾರವಾರದವರು ತಮ್ಮೂರಲ್ಲಿ ರೈಲು ಹತ್ತಲು ಇಪ್ಪತ್ತನೇ ಶತಮಾನ ಮುಗಿಯುತ್ತ ಬರಬೇಕಾಯಿತು. ಕೊಂಕಣ ರೈಲು ಪೂರ್ತಿ ಹಳಿಯ ಮೇಲೆ ಓಡಿದ್ದು 1998ರ ಜನವರಿ 26ರಿಂದ.

ಈಗ ನನ್ನ ಅಚ್ಚುಮೆಚ್ಚಿನ ಪುಸ್ತಕ: 1883ರಲ್ಲಿ ಹೊರಬಂದ ಮುಂಬಯಿ ಪ್ರಾಂತ್ಯದ ಗೆಜೆಟಿಯರಿನ 15ನೇ ಸಂಪುಟ. ಎರಡು ಭಾಗಗಳು, ಪೂರಾ ಕೆನರಾ ಜಿಲ್ಲೆಯದ್ದೇ. ಅದೇ 1883ರಲ್ಲಿ ಇಪ್ಪತ್ತೆರಡರ ಹುಡುಗ ರವೀಂದ್ರನಾಥ ಟಾಗೋರರು ಕಾರವಾರದಲ್ಲಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಕಾಳಿಯಲ್ಲಿ ದೋಣಿಯೇರಿ ಹೋದದ್ದನ್ನು ಟಾಗೋರರು ಆಮೇಲೆ ನೆನಪಿನ ಪುಸ್ತಕದಲ್ಲಿ ಬರೆದರು. ಒಂದೇ ವರ್ಷ, ಒಂದೇ ನದಿ. ಒಬ್ಬರು ಬೆಳದಿಂಗಳು ನೋಡಿದರು, ಇನ್ನೊಬ್ಬರು ಸುಂಕದ ಲೆಕ್ಕ ನೋಡಿದರು!

ಗೆಜೆಟಿಯರನ್ನು ಸ್ಕ್ಯಾನ್ ಮಾಡಿ ಅಂತರಜಾಲಕ್ಕೆ ಹಾಕಿದ್ದಾರೆ ನಿಜ. ಆದರೆ ಅದರಲ್ಲಿ ಊರ ಹೆಸರುಗಳ ದೀರ್ಘಾಕ್ಷರಕ್ಕೆ ಮೇಲೊಂದು ಗೀಟು ಹಾಕುತ್ತಿದ್ದರು. ಅಕ್ಷರ ಗುರುತಿಸುವ ತಂತ್ರಾಂಶ ಆ ಗೀಟು ಕಂಡಲ್ಲೆಲ್ಲ ಗೊಂದಲ ಮಾಡಿಕೊಳ್ಳುತ್ತದೆ. ಕಾರವಾರ ಅಂತ ಹುಡುಕಿದರೆ ಅರ್ಧಕ್ಕರ್ಧ ಪುಟ ಸಿಗುವುದೇ ಇಲ್ಲ. ಅದಕ್ಕೆ ಒಂದೊಂದು ಹೆಸರನ್ನೂ ಏಳೆಂಟು ತರ ತಪ್ಪು ಬರೆದು ಹುಡುಕುವ ಪುಟ್ಟ ಪ್ರೋಗ್ರಾಂ ಬರೆದುಕೊಂಡಿದ್ದೇನೆ. ಕೆಲಸಕ್ಕೆ ಬರುತ್ತದೆ ಮಾರಾಯ್ರೆ.

ನಕ್ಷೆಗಳ ಪೈಕಿ ದೊಡ್ಡ ಬೇಟೆ ಸಿಕ್ಕಿದ್ದು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. 1950ರ ದಶಕದಲ್ಲಿ ಅಮೆರಿಕದ ಸೈನ್ಯ ಇಡೀ ಭಾರತದ ನಕ್ಷೆಗಳನ್ನು ಅಚ್ಚು ಹಾಕಿಸಿತ್ತು. ಯು502 ಅಂತ ಆ ಮಾಲೆಯ ಹೆಸರು. ಅವನ್ನೆಲ್ಲ ಅವರು ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರಿನ ಅಳತೆ. ಆ ಕಾಲದಲ್ಲಿ ಕಾಳಿಗೆ ಸೇತುವೆ ಇಲ್ಲ, ರೈಲು ಹಳಿ ಇಲ್ಲ, ಗೋವಾ ಇನ್ನೂ ಪೋರ್ತುಗೀಸರ ಕೈಲಿ.

ಇದರಲ್ಲಿ ಒಂದು ತಮಾಷೆ ಇದೆ. ನಮ್ಮದೇ ಸರ್ವೆ ಆಫ್ ಇಂಡಿಯಾ 1767ರಷ್ಟು ಹಳೆಯ ಸಂಸ್ಥೆ. ಆದರೆ ಕರಾವಳಿಯ ವಿವರವಾದ ಹಾಳೆಗಳು ಬಹುಕಾಲ 'ನಿರ್ಬಂಧಿತ'. ಅಂಕೋಲೆಯವನಿಗೆ ಅಂಕೋಲೆಯ ಹಾಳೆ ಸುಲಭಕ್ಕೆ ಕೈಗೆ ಸಿಗುತ್ತಿರಲಿಲ್ಲ; ಸಿಕ್ಕಿದ್ದು ಟೆಕ್ಸಾಸಿನಿಂದ. 2005ರ ಮೇ ತಿಂಗಳಲ್ಲಿ ರಾಷ್ಟ್ರೀಯ ನಕ್ಷಾ ನೀತಿ ಬಂತು, ರಕ್ಷಣೆಗೆ ಒಂದು ಮಾಲೆ, ಜನರಿಗೆ ಒಂದು ಮಾಲೆ ಅಂತ ಬೇರೆ ಮಾಡಿದರು. ನಿಯಮಗಳು ನಿಜವಾಗಿ ಸಡಿಲವಾದದ್ದು 2021ರ ಫೆಬ್ರವರಿಯಲ್ಲಿ.

ಆ 2005ನೇ ಇಸವಿ ನಮ್ಮೂರಿಗೆ ವಿಶೇಷದ್ದು. ಮೇ 31ಕ್ಕೆ ಕಾರವಾರದ ಐಎನ್ಎಸ್ ಕದಂಬ ನೌಕಾನೆಲೆ ಸೇವೆಗೆ ಸೇರಿತು. ಅದಾಗಿ ತಿಂಗಳೊಳಗೆ, ಜೂನ್ ಕೊನೆಯಲ್ಲಿ, ಗೂಗಲ್ ಅರ್ಥ್ ಪುಕ್ಕಟೆಯಾಗಿ ಲೋಕಕ್ಕೆ ಬಂತು. ಅಕ್ಟೋಬರಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರೇ ಅದರ ಬಗ್ಗೆ ಆತಂಕ ಹೇಳಿಕೊಂಡರು. ಊರಿನ ಒಂದು ತುಂಡು ಬೇಲಿಯ ಹಿಂದೆ ಹೋದ ವರ್ಷವೇ ಆಕಾಶದಿಂದ ಊರು ನೋಡುವ ಕಿಟಕಿಯೂ ತೆರೆಯಿತು. ನಾನಾಗ ಮೂರನೇ ಕ್ಲಾಸು.

ಸೀಬರ್ಡ್ ಯೋಜನೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು 1986ರ ಅಕ್ಟೋಬರ್ 24ರಂದು. ಕಾರವಾರ ಮತ್ತು ಅಂಕೋಲೆಯ ನಡುವಿನ ಕರಾವಳಿಯಲ್ಲಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬೇಲೆ ಬಿಟ್ಟು ಎದ್ದವು. ತೋಡೂರು, ಮುದಗಾದಂಥ ಕಡೆ ನಿರಾಶ್ರಿತರ ಕಾಲನಿಗಳಾದವು. ಪರಿಹಾರದ ದಾವೆಗಳು ವರ್ಷಗಟ್ಟಲೆ ನಡೆದವು. ದೇಶಕ್ಕೆ ನೌಕಾನೆಲೆ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಅಂಜದೀವನ್ನು ಪೋರ್ತುಗೀಸರಿಂದ ಬಿಡಿಸಲು 1961ರ ಡಿಸೆಂಬರಿನಲ್ಲಿ ಏಳು ನಾವಿಕರು ಪ್ರಾಣ ಕೊಟ್ಟದ್ದು ಇದೇ ನೀರಿನಲ್ಲಿ. ಇವತ್ತು ಅದೇ ದ್ವೀಪವನ್ನು ತೆರೆತಡೆಗೋಡೆಯೊಂದು ದಡಕ್ಕೆ ಜೋಡಿಸಿದೆ. ವಾಸ್ಕೋ ಡ ಗಾಮಾ ಬಂದರೆ ಗುರುತು ಹಿಡಿಯಲಾರ.

ನನ್ನ ತಾಯಿಯ ಕಡೆಯ ಅಜ್ಜಿ ಹಾಗೆ ಎದ್ದು ಬಂದವರಲ್ಲಿ ಒಬ್ಬರು. ಅಮೆರಿಕದ ನಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿ ಕೇಳಿದರು: "ತಮಾ, ಇದ್ರಲ್ಲಿ ನಮ್ಮ ಕೇರಿ ಎಲ್ಲದೆ?"

ಇರಲಿಲ್ಲ. ಆ ಅಳತೆಯಲ್ಲಿ ಕಾಗದದ ಮೇಲೆ ಅರ್ಧ ಮಿಲಿಮೀಟರ್ ಅಂದರೆ ನೆಲದ ಮೇಲೆ 125 ಮೀಟರ್. ಹತ್ತು ಮನೆಯ ಕೇರಿ ಪೆನ್ಸಿಲ್ ಮೊನೆಯಡಿ ಮುಚ್ಚಿಹೋಗುತ್ತದೆ. ಹಡಗಿನವನಿಗೆ ಅದು ಬೇಕಿರಲಿಲ್ಲ, ಕಂದಾಯದವನಿಗೆ ಸರ್ವೆ ನಂಬರು ಸಾಕಿತ್ತು, ಸೈನ್ಯದವನಿಗೆ ರಸ್ತೆ ಬೇಕಿತ್ತು. ಕೇರಿಯ ಹೆಸರು ಬೇಕಾಗಿದ್ದು ಅಲ್ಲಿ ಬಾಳಿದವರಿಗೆ ಮಾತ್ರ, ಮತ್ತು ಅವರ ಕೈಯಲ್ಲಿ ನಕ್ಷೆ ಇರಲಿಲ್ಲ.

ಅಲ್ಲಿಂದ ನನ್ನ ಹುಚ್ಚಿಗೆ ಒಂದು ಕೆಲಸ ಸಿಕ್ಕಿತು. ಕ್ಯುಜಿಐಎಸ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಹಳೆ ನಕ್ಷೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂಡಿಸಬಹುದು. ಎರಡರಲ್ಲೂ ಇರುವ, ಅಲುಗಾಡದ ಕೆಲವು ಬಿಂದುಗಳು ಬೇಕು. ಹೊಳೆಯ ಬಾಯಿ ಸರಿಯುತ್ತದೆ, ರಸ್ತೆ ಅಗಲವಾಗುತ್ತದೆ. ಬ್ರಿಟಿಷರ ಕಾಲದ ನಕ್ಷೆಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ಸಾಹೇಬನ ಲೆಕ್ಕ ಹಿಡಿದರೆ ಜಿಪಿಎಸ್ ಹಿಡಿಯುವ ಲೆಕ್ಕ ಬೇರೆ. ಅದನ್ನು ಸರಿದೂಗಿಸದಿದ್ದರೆ ಒಂದು ಕೇರಿ ಪಕ್ಕದ ಗದ್ದೆಗೆ ಹೋಗಿ ಕೂರುತ್ತದೆ. ನನ್ನ ಕೈಹಿಡಿದದ್ದು ದೇವಗಡದ ದೀಪಸ್ತಂಭ. 1864ರಿಂದ ನಿಂತಲ್ಲೇ ನಿಂತಿದೆ. ಹತ್ತಿಯ ಹಡಗಿಗೆ ಅಂತ ಕಟ್ಟಿದ್ದು, ಅಜ್ಜಿಯ ಕೇರಿ ಹುಡುಕಲು ಉಪಯೋಗಕ್ಕೆ ಬಂತು.

ಉಳಿದದ್ದು ಅಜ್ಜಿಯ ನೆನಪು. ಬಾವಿ ಎಲ್ಲಿತ್ತು, ದೋಣಿ ಎಲ್ಲಿ ಎಳೆಯುತ್ತಿದ್ದರು, ಯಾವ ದೇವರ ಕಟ್ಟೆಯ ಪಕ್ಕ ಯಾರ ಮನೆ, ಗಜನಿಗೆ ಉಪ್ಪುನೀರು ಬಿಡುವ ಬಾಗಿಲು ಎಲ್ಲಿ... ಒಂದೊಂದೇ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಅಜ್ಜಿ ಹೇಳಿದ್ದನ್ನು ಅದೇ ಕೇರಿಯ ಇನ್ನಿಬ್ಬರನ್ನು ಕೇಳಿ ತಾಳೆ ನೋಡುತ್ತೇನೆ. ಈಗ ಬೇಲಿಯೊಳಗೆ ಏನಿದೆ ಅನ್ನುವ ಗೋಜಿಗೆ ಹೋಗುವುದಿಲ್ಲ, ಅದು ನನಗೆ ಬೇಡವೂ ಬೇಡ. ನನಗೆ ಬೇಕಾದದ್ದು ಬೇಲಿ ಬರುವ ಮುಂಚೆ ಇದ್ದದ್ದು.

ಇದನ್ನು ಇಡುವುದೆಲ್ಲಿ? ಎಲ್ಲರೂ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ 2004ರಿಂದ ಇದೆ. ಅಲ್ಲಿ ಊರ ಹೆಸರನ್ನು ಕನ್ನಡದಲ್ಲಿ ಬರೆಯಲು ಬೇರೆಯೇ ಕಳ ಇದೆ, ಕೊಂಕಣಿಗೂ ಇದೆ. ಆದರೆ ಅದರ ನಿಯಮ ಏನೆಂದರೆ, ನೆಲದ ಮೇಲೆ ಈಗ ಇರುವುದನ್ನು ಮಾತ್ರ ಬರೆಯಬೇಕು. ಇಲ್ಲವಾದದ್ದಕ್ಕೆ ಅಂತಲೇ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಎಂಬ ಇನ್ನೊಂದು ಯೋಜನೆ ಇದೆ. ಯಾವ ವರ್ಷದಿಂದ ಯಾವ ವರ್ಷದವರೆಗೆ ಇತ್ತು ಅಂತ ನಮೂದಿಸಿ ಇಡಬಹುದು. ಎದ್ದುಹೋದ ಕೇರಿಗಳಿಗೆ ಅದೇ ಸರಿಯಾದ ಜಾಗ.

ಇದು ಬರೀ ಹಳೆಯ ಮಾತು ಅಂದುಕೊಳ್ಳಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿಗೆ ಕುಸಿಯಿತು. ಆಚೆ ದಡದ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿತು. ಉಳುವರೆ ಎಂಬ ಊರು ಇದೆ ಅಂತ ಹೊರಗಿನವರಿಗೆ ಗೊತ್ತಾದದ್ದು ಆ ದಿನ. ಮೂರೇ ವಾರದಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾಳಿಯ ಹಳೆ ಸೇತುವೆ ನದಿಗೆ ಬಿತ್ತು. ಗೂಗಲ್ ಅರ್ಥ್‌ನಲ್ಲಿ ವರ್ಷವನ್ನು ಹಿಂದಕ್ಕೆ ಸರಿಸಿದರೆ ಆ ಗುಡ್ಡವೂ ಇದೆ, ಆ ಸೇತುವೆಯೂ ಇದೆ. ಆದರೆ ಉಪಗ್ರಹಕ್ಕೆ ಹೆಸರು ಗೊತ್ತಿಲ್ಲ. ಹೆಸರು ಗೊತ್ತಿರುವುದು ನಮ್ಮ ಮನೆಯ ಹಿರಿಯರಿಗೆ.

ಜಿಪಿಎಸ್‌ಗೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಅಲ್ಲಿಯವರೆಗೆ ನಾಗರಿಕರ ಉಪಕರಣ ನೂರು ಮೀಟರ್ ಆಚೀಚೆ ತೋರಿಸಬಹುದಿತ್ತು. ಇವತ್ತು ಜೇಬಿನ ಮೊಬೈಲು ಮನೆಯಂಗಳದ ತುಳಸಿಕಟ್ಟೆಯ ಹತ್ತಿರಕ್ಕೇ ತಂದು ನಿಲ್ಲಿಸುತ್ತದೆ. ಗಾಮಾನಿಗೂ ಬುಕಾನನ್ನನಿಗೂ ಇಲ್ಲದ ಸಾಮಾನು ನಮ್ಮ ಹತ್ತಿರ ಇದೆ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಕೇರಿಯ ಬಾವಿ, ಕಟ್ಟೆ, ಹಳ್ಳ, ದಾಟುಗಳ ಹೆಸರನ್ನು ಹಿರಿಯರಿಂದ ಕೇಳಿ, ಕನ್ನಡದಲ್ಲೇ ಬರೆದು ಸೇರಿಸಿ. ಒಂದು ಮಧ್ಯಾಹ್ನದ ಕೆಲಸ. ನನ್ನ ಪಟ್ಟಿಯಲ್ಲಿ ಇವತ್ತಿಗೆ ನಲವತ್ತೊಂದು ಹೆಸರುಗಳಾಗಿವೆ, ದೀಪಾವಳಿಗೆ ಊರಿಗೆ ಹೋದಾಗ ಇನ್ನಷ್ಟು ಸೇರುತ್ತವೆ.