ಅಂತರರಾಷ್ಟ್ರೀಯ ದತ್ತಕದಲ್ಲಿ ಪತ್ರಗಳ ಸ್ಥಾನ

ದತ್ತಕವೆಂಬುದು ನಮ್ಮ ಪೂರ್ವಿಕರಿಗೆ ಮುಖ್ಯವಾಗಿ ಲೇಖನಿಯ ವ್ಯವಹಾರವಾಗಿರಲಿಲ್ಲ. ಕೊಡುವವರು ಕೊಟ್ಟು, ಕೊಳ್ಳುವವರು ಸ್ವೀಕರಿಸಿ, ಬಂಧುಗಳೂ ಅಗ್ನಿಯೂ ಸಾಕ್ಷಿಯಾದರೆ ಕಾರ್ಯ ಮುಗಿಯುತ್ತಿತ್ತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ಹೋಮವನ್ನು ಕಡ್ಡಾಯವಲ್ಲವೆಂದರೂ ಕೊಡುಕೊಳ್ಳುವ ಕ್ರಿಯೆಯನ್ನು ಉಳಿಸಿಕೊಂಡಿತು. ನೋಂದಾಯಿತ ಪತ್ರವು ಅಲ್ಲಿ ಪುರಾವೆಗೆ ಬಲವೇ ಹೊರತು ದತ್ತಕದ ಪ್ರಾಣವಲ್ಲ. ಇಂಥ ದೇಶದಿಂದ ಮಗುವೊಂದು ಕಡಲಾಚೆಯ ಮನೆಗೆ ಹೋಗುವಾಗ ಕಾಗದಗಳ ಕಟ್ಟು ಏಕೆ ಬೆಳೆಯಿತೆಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಮೇಲ್ಕಂಡ ಅಧಿನಿಯಮವು ಹಿಂದೂಗಳಿಗೆ ಮಾತ್ರ ಅನ್ವಯಿಸುವಂಥದು. ಸರ್ವರಿಗೂ ಅನ್ವಯವಾಗುವ ದತ್ತಕ ಮಸೂದೆ 1972ರಲ್ಲಿ ಮಂಡಿತವಾಯಿತು, 1980ರಲ್ಲಿ ಮತ್ತೊಂದು ಬಂದಿತು, ಎರಡೂ ಕಾನೂನಾಗಲಿಲ್ಲ. ಆದಕಾರಣ ಪರದೇಶೀಯರು 1890ರ ಪಾಲಕರು ಮತ್ತು ಪಾಲ್ಯರ ಅಧಿನಿಯಮದ ಮೊರೆಹೊಕ್ಕು, ನ್ಯಾಯಾಲಯದಿಂದ ಪಾಲಕತ್ವವನ್ನೂ ಮಗುವನ್ನು ಹೊರಗೊಯ್ಯುವ ಅನುಮತಿಯನ್ನೂ ಪಡೆಯುತ್ತಿದ್ದರು. ಅಂದರೆ ಮಗುವು ಹೊರಡುವಾಗ ಅವರಿಗೆ ಮಗನೂ ಅಲ್ಲ, ಮಗಳೂ ಅಲ್ಲ, ಪಾಲ್ಯ ಮಾತ್ರ. ಅಲ್ಲಿನ ನ್ಯಾಯಾಲಯದಲ್ಲಿ ದತ್ತಕವು ನೆರವೇರದಿದ್ದರೆ ಅದರ ಗತಿ ತ್ರಿಶಂಕುವಿನದೇ.

1982ರಲ್ಲಿ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಈ ವ್ಯವಹಾರದ ಅಕ್ರಮಗಳನ್ನು ಕುರಿತು ಸರ್ವೋಚ್ಚ ನ್ಯಾಯಾಲಯಕ್ಕೆ ಪತ್ರ ಬರೆದರು. ಪತ್ರವೇ ಅರ್ಜಿಯಾಯಿತು. 1984ರ ಫೆಬ್ರವರಿ 6ರಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ನೀಡಿದ ತೀರ್ಪು ಶಾಸನವಿಲ್ಲದೆಡೆಯಲ್ಲಿ ಶಾಸನದ ಕೆಲಸ ಮಾಡಿತು. ದತ್ತಕಾರ್ಥಿಯ ದೇಶದ ಮಾನ್ಯ ಸಂಸ್ಥೆಯು ಬರೆದ ಗೃಹಾಧ್ಯಯನ ವರದಿ, ವೈದ್ಯರ ಪ್ರಮಾಣಪತ್ರ, ಆದಾಯದ ವಿವರ, ಮಗು ತಲುಪಿದ ಎರಡು ವರ್ಷಗಳೊಳಗೆ ದತ್ತಕ ಮಾಡಿಕೊಳ್ಳುವೆವೆಂಬ ಘೋಷಣೆ, ಇವೆಲ್ಲವೂ ನೋಟರಿಯ ಮುದ್ರೆ ಪಡೆದು, ಆ ಸಹಿಯು ಭಾರತೀಯ ರಾಯಭಾರ ಕಚೇರಿಯಿಂದಾಗಲಿ ಆ ದೇಶದ ಸಚಿವಾಲಯದಿಂದಾಗಲಿ ದೃಢಪಡಬೇಕಾಯಿತು. ಕಾದು ಬಳಲಿದ ದಂಪತಿಗಳಿಗೆ ಇದು ಕಚೇರಿಯ ಕಾಟವೆಂದೇ ತೋರಿದ್ದರೆ ಆಶ್ಚರ್ಯವಿಲ್ಲ.

ಆದರೆ ಈ ಕಟ್ಟಿನಲ್ಲಿ ಅತ್ಯಂತ ಭಾರವಾದ ಹಾಳೆ, ನಮ್ಮ ಅಭಿಪ್ರಾಯದಲ್ಲಿ, ಹೆತ್ತವರ ಒಪ್ಪಿಗೆಪತ್ರ. ಉಳಿದವುಗಳಲ್ಲಿ ಬಹುಪಾಲು ಕೊಳ್ಳುವವರ ಯೋಗ್ಯತೆಯನ್ನು ಹೇಳುತ್ತವೆ. ಕೊಡುವವರ ಮನಸ್ಸನ್ನು ಹೇಳುವುದು ಇದೊಂದೇ. ಮನಸ್ಸು ಬದಲಾದೀತೆಂದು ತೀರ್ಪು ಅವರಿಗೆ ಮೂರು ತಿಂಗಳ ಅವಧಿಯಿತ್ತಿತು. 2015ರ ಬಾಲನ್ಯಾಯ ಅಧಿನಿಯಮದಲ್ಲಿ ಅದು 60 ದಿನಗಳಾಗಿದೆ. ಬಡತನದ ಒತ್ತಡದಿಂದಲೋ ಮೋಸದಿಂದಲೋ ಈ ಸಹಿಯನ್ನು ಪಡೆದರೆ ಮುಂದಿನ ಮುದ್ರೆಗಳೆಲ್ಲ ಸುಳ್ಳಿನ ಮೇಲೆ ಕಟ್ಟಿದ ಗೋಡೆ. ಎಲ್ಲ ಮುದ್ರೆಗಳೂ ಸರಿಯಾಗಿರುವುದರಿಂದಲೇ ಅಂಥ ಸುಳ್ಳು ಪತ್ತೆಯಾಗುವುದು ಕಷ್ಟ.

1990ರಲ್ಲಿ ಕೇಂದ್ರ ದತ್ತಕ ಪ್ರಾಧಿಕಾರವು ಸ್ಥಾಪಿತವಾಯಿತು. 1993ರ ಹೇಗ್ ಒಡಂಬಡಿಕೆಯನ್ನು ಭಾರತವು 2003ರಲ್ಲಿ ಅನುಮೋದಿಸಿತು. ಬಾಲನ್ಯಾಯ ಶಾಸನದ ವ್ಯವಸ್ಥೆಯಲ್ಲಿ ದತ್ತಕದ ಆದೇಶವು ಇಲ್ಲಿಯೇ ದೊರೆಯುವುದರಿಂದ ಮಗುವು ಈಗ ಪಾಲ್ಯವಾಗಿಯಲ್ಲ, ಮಗುವಾಗಿಯೇ ವಿಮಾನವೇರುತ್ತದೆ. 2021ರ ತಿದ್ದುಪಡಿಯು ಆ ಆದೇಶದ ಅಧಿಕಾರವನ್ನು ನ್ಯಾಯಾಲಯದಿಂದ ಜಿಲ್ಲಾ ದಂಡಾಧಿಕಾರಿಗೆ ವರ್ಗಾಯಿಸಿತು.

ಹೇಗ್ ಒಡಂಬಡಿಕೆಯು ಮಗುವಿನ ಮೂಲದ ಮಾಹಿತಿಯನ್ನು ಕಾಪಾಡಬೇಕೆಂದೂ ವಿಧಿಸುತ್ತದೆ. ಅಂದು ತೊಟ್ಟಿಲಲ್ಲಿ ಹೋದವರು ಇಂದು ಪ್ರೌಢರಾಗಿ ಆ ಹಾಳೆಗಳನ್ನು ಕೇಳಿಕೊಂಡು ಬರುತ್ತಾರೆ. ಪರಿತ್ಯಕ್ತ ಶಿಶುವಾಗಿದ್ದವರಿಗೆ ಜನ್ಮದಿನವೆಂಬುದೂ ಹಲವು ವೇಳೆ ವೈದ್ಯರ ಅಂದಾಜು. ಮಗುವನ್ನು ಒಪ್ಪಿಸಿದ ತಾಯಿಗಾದರೋ ಗೋಪ್ಯದ ಭರವಸೆ ಕೊಡಲಾಗಿದೆ. ಒಂದೇ ಹಾಳೆಯ ಮೇಲೆ ಇಬ್ಬರಿಗೂ ಹಕ್ಕಿರುವಾಗ ಅದನ್ನು ಯಾರ ಮುಂದೆ ತೆರೆಯಬೇಕೆಂಬ ಪ್ರಶ್ನೆ ಕಡತದೊಳಗೆ ಹಾಗೆಯೇ ಇದೆ.