ಸಾಲಿಗ್ರಾಮಕ್ಕೂ ಹೈಫಾಕ್ಕೂ ಏನು ಸಂಬಂಧ?



ಇಂದು ಮೈಸೂರು ಜಿಲ್ಲೆಯಲ್ಲಿರುವ ಸಾಲಿಗ್ರಾಮವು 1914ರಲ್ಲಿ ಮೈಸೂರು ಸಂಸ್ಥಾನದ ಎಡತೊರೆ ತಾಲ್ಲೂಕಿಗೆ ಸೇರಿತ್ತು. ಅಲ್ಲಿನ ರೈತನಿಗೆ ಜರ್ಮನಿಯ ಮೇಲಾಗಲಿ ತುರ್ಕಿಯ ಮೇಲಾಗಲಿ ಯಾವ ಹಗೆಯೂ ಇರಲಿಲ್ಲ. ಆದರೂ ಅವನ ಸಂಸ್ಥಾನ ಮೊದಲನೆಯ ಮಹಾಯುದ್ಧದಲ್ಲಿ ಭಾಗಿಯಾಯಿತು. ಹೇಗೆ? ಕಾರ್ಯಕ್ರಮ ನೋಡುವ ಮುನ್ನ ನಾಲ್ಕು ಪದಗಳನ್ನು ತಿಳಿದುಕೊಂಡರೆ ಉತ್ತರ ಸಿಗುತ್ತದೆ.

ಮೊದಲನೆಯದು ‘ಮೈತ್ರಿಕೂಟ’. 1914ರ ಜೂನ್ 28ರಂದು ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜನ ಹತ್ಯೆಯಾಯಿತು. ಜುಲೈ 28ರಂದು ಆಸ್ಟ್ರಿಯಾ-ಹಂಗೆರಿ ಸರ್ಬಿಯಾದ ಮೇಲೆ ಯುದ್ಧ ಸಾರಿತು. ಸರ್ಬಿಯಾದ ಬೆಂಬಲಕ್ಕೆ ರಷ್ಯಾ, ಆಸ್ಟ್ರಿಯಾದ ಬೆಂಬಲಕ್ಕೆ ಜರ್ಮನಿ, ರಷ್ಯಾದ ಜೊತೆಗೆ ಫ್ರಾನ್ಸ್ ಕಣಕ್ಕಿಳಿದವು. ಆಗಸ್ಟ್ 4ರಂದು ಬ್ರಿಟನ್ನೂ ಸೇರಿತು. ನೀವು ವಿಜ್ಞಾನದಲ್ಲಿ ಓದುವ ಸರಪಳಿ ಕ್ರಿಯೆಯಂತೆ, ಒಂದು ಕಿಡಿ ಇಡೀ ಖಂಡವನ್ನು ಹೊತ್ತಿಸಿತು.

ಎರಡನೆಯದು ‘ಪರಮಾಧಿಪತ್ಯ’. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದರು. ಆದರೆ ಅನ್ಯರಾಜ್ಯಗಳೊಡನೆ ವ್ಯವಹರಿಸುವ ಅಧಿಕಾರವನ್ನು ತಮ್ಮಲ್ಲೇ ಉಳಿಸಿಕೊಂಡರು. ಅದೇ ವರ್ಷ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಅದಕ್ಕೂ ಯುದ್ಧ-ಶಾಂತಿಗಳನ್ನು ತೀರ್ಮಾನಿಸುವ ಅಧಿಕಾರವಿರಲಿಲ್ಲ. ಲಂಡನ್ನಿನ ತೀರ್ಮಾನವೇ ಇಲ್ಲಿಗೂ ಅನ್ವಯಿಸಿತು.

ಮೂರನೆಯದು ‘ಸಮಗ್ರ ಯುದ್ಧ’. ಇಲ್ಲಿ ಸೈನಿಕರಷ್ಟೇ ಅಲ್ಲ, ಹಣ, ಧಾನ್ಯ, ಕಾರ್ಖಾನೆ, ರೈಲು ಎಲ್ಲವೂ ಯುದ್ಧದ ಸಾಧನಗಳೇ. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧವೆಚ್ಚಕ್ಕಾಗಿ 50 ಲಕ್ಷ ರೂಪಾಯಿ ನೀಡಿದರು. ಸಂಸ್ಥಾನದ ಬೊಕ್ಕಸಕ್ಕೆ ಭೂಕಂದಾಯವೇ ಮುಖ್ಯ ಆದಾಯವಾಗಿತ್ತು. ಆದುದರಿಂದ ಯುದ್ಧಭೂಮಿಯನ್ನು ಕಾಣದ ರೈತನ ದುಡಿಮೆಯೂ ಆ ಮೊತ್ತದಲ್ಲಿ ಸೇರಿತ್ತು.

ನಾಲ್ಕನೆಯದು ‘ಚಲನ ಯುದ್ಧ’. ಫ್ರಾನ್ಸಿನಲ್ಲಿ ಎರಡೂ ಪಕ್ಷಗಳು ಕಂದಕಗಳಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡವು. ಮೆಷಿನ್‌ಗನ್ನಿನ ಮುಂದೆ ಕುದುರೆ ನಿಷ್ಪ್ರಯೋಜಕವೆನಿಸಿತು. ಆದರೆ ಸೂಯೆಜ್ ಕಾಲುವೆಯ ರಕ್ಷಣೆಗೆಂದು ಹೋಗಿದ್ದ ಮೈಸೂರು ಲ್ಯಾನ್ಸರ್ಸ್ ಅಶ್ವದಳಕ್ಕೆ ದೊರೆತದ್ದು ಬೇರೆ ಬಗೆಯ ರಣರಂಗ. 1918ರ ಸೆಪ್ಟೆಂಬರ್ 19ರಂದು ಪ್ಯಾಲೆಸ್ತೀನಿನಲ್ಲಿ ತುರ್ಕಿ ಸೇನೆಯ ಸಾಲು ಮುರಿಯಿತು. ಆ ಬಿರುಕಿನಲ್ಲಿ ಕುದುರೆ ಪಡೆಗಳು ಮುನ್ನುಗ್ಗಿದವು. ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಬಳಿ ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನೇರಿ ಅಲ್ಲಿನ ಫಿರಂಗಿಗಳ ಮೇಲೆ ಎರಗಿತು. ಜೋಧಪುರದ ಸವಾರರು ಕೆಳಗಿನಿಂದ ಪಟ್ಟಣದೊಳಕ್ಕೆ ನುಗ್ಗಿದರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಹತರಾದರು. ಪಟ್ಟಣ ವಶವಾಯಿತು, 1,350ಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು. ವೇಗ ಮತ್ತು ನೆಲದ ಅರಿವು ಅಂದು ಮೆಷಿನ್‌ಗನ್ನನ್ನು ಮಣಿಸಿದ್ದವು.

ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳ ನೆನಪಿಗೆ ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಪ್ರತಿಮೆಗಳೇ ಇಂದಿನ ‘ತೀನ್ ಮೂರ್ತಿ’.

ಆ ಸವಾರರ ಶೌರ್ಯವನ್ನು ಗೌರವಿಸೋಣ. ಆದರೆ ಇತಿಹಾಸದ ವಿದ್ಯಾರ್ಥಿಗಳಾದ ನೀವು ಅಲ್ಲಿಗೇ ನಿಲ್ಲಬಾರದು. ಯಾವುದೇ ಯುದ್ಧದ ಬಗ್ಗೆ ಓದುವಾಗ ಮೂರು ಪ್ರಶ್ನೆ ಕೇಳಿ: ತೀರ್ಮಾನಿಸಿದವರು ಯಾರು? ಹಣ ತೆತ್ತವರು ಯಾರು? ಪ್ರಾಣ ಕೊಟ್ಟವರು ಯಾರು? 1914ರ ಮೈಸೂರಿನ ಮಟ್ಟಿಗೆ ಮೊದಲ ಪ್ರಶ್ನೆಯ ಉತ್ತರ ಒಂದು, ಉಳಿದೆರಡರ ಉತ್ತರ ಬೇರೊಂದು. ಸ್ವಾತಂತ್ರ್ಯ ಎಂಬ ಪದದ ಬೆಲೆ ತಿಳಿಯುವುದು ಇಲ್ಲಿಯೇ.