'ಮಂಪ್ಸಿಮಸ್': ಕಥೆಯೊಂದು ಪದವಾದ ಬಗೆ

ಪದದ ಚರಿತ್ರೆಯನ್ನು ನಿಘಂಟುಕಾರರು ಸಾಮಾನ್ಯವಾಗಿ ಧಾತುವಿನಿಂದ ಆರಂಭಿಸುತ್ತಾರೆ. ಧಾತುವಿನ ಬದಲು ಕಥೆಯೊಂದರಿಂದ ಬಳಕೆಗೆ ಬಂದ ಪದಗಳೂ ಉಂಟು. ಇಂಗ್ಲಿಷಿನ ವಿರಳಪದ 'ಮಂಪ್ಸಿಮಸ್' ಅಂಥದು. ತಪ್ಪೆಂದು ತೋರಿಸಿಕೊಟ್ಟ ಮೇಲೂ ಬಿಡದ ರೂಢಿ, ಹಾಗೆ ಬಿಡದಿರುವ ವ್ಯಕ್ತಿ ಎಂಬ ಎರಡು ಅರ್ಥಗಳು ಅದಕ್ಕಿವೆ.

ಲ್ಯಾಟಿನ್ ಪೂಜಾವಿಧಿಯಲ್ಲಿ ಪ್ರಸಾದ ಸ್ವೀಕಾರದ ನಂತರದ ಪ್ರಾರ್ಥನೆಯೊಂದರಲ್ಲಿ 'ಸಂಪ್ಸಿಮಸ್' ಎಂಬ ಕ್ರಿಯಾರೂಪ ಬರುತ್ತದೆ. 'ನಾವು ಸ್ವೀಕರಿಸಿದೆವು' ಎಂಬುದು ಅದರ ಅರ್ಥ. ಪಾದ್ರಿಯೊಬ್ಬನು ಇದನ್ನು 'ಮಂಪ್ಸಿಮಸ್' ಎಂದೇ ಓದುತ್ತಿದ್ದನಂತೆ. ತಿದ್ದಹೋದವರಿಗೆ, ನಿಮ್ಮ ಹೊಸ ಸಂಪ್ಸಿಮಸ್‌ಗಾಗಿ ನನ್ನ ಹಳೆಯ ಮಂಪ್ಸಿಮಸ್ ಬಿಡಲಾರೆ ಎಂದನಂತೆ. ಲ್ಯಾಟಿನ್ನಿನಲ್ಲಿ ಆ ರೂಪಕ್ಕೆ ಅರ್ಥವೇ ಇಲ್ಲ. ಎರಾಸ್ಮಸ್ 1516ರ ಪತ್ರವೊಂದರಲ್ಲಿ ಈ ಪ್ರಸಂಗವನ್ನು ಹೇಳುತ್ತಾನೆ. ರಿಚರ್ಡ್ ಪೇಸ್ 1517ರ ತನ್ನ ಕೃತಿಯಲ್ಲಿ ಪಾದ್ರಿಯನ್ನು ಇಂಗ್ಲಿಷಿನವನನ್ನಾಗಿಸಿ, ಮೂವತ್ತು ವರ್ಷಗಳ ಅಭ್ಯಾಸವೆನ್ನುತ್ತಾನೆ. ಪಾದ್ರಿಗೆ ಹೆಸರಿಲ್ಲ. ಇದು ಐತಿಹ್ಯದ ಲಕ್ಷಣ.

ಈ ನಗೆಯ ಹಿಂದೆ ಗಂಭೀರವಾದ ಕಲಹವಿತ್ತು. ಎರಾಸ್ಮಸ್ 1516ರಲ್ಲೇ ಗ್ರೀಕ್ ಹೊಸ ಒಡಂಬಡಿಕೆಯನ್ನು ತನ್ನ ಲ್ಯಾಟಿನ್ ಅನುವಾದದೊಡನೆ ಮುದ್ರಿಸಿ, ರೂಢಿಯ ಪಾಠವನ್ನು ತಿದ್ದಿದ್ದನು. 1530ರಲ್ಲಿ 'ಮಂಪ್ಸಿಮಸ್' ಪದವನ್ನು ಇಂಗ್ಲಿಷಿನಲ್ಲಿ ಬಳಸಿದ ಬೈಬಲ್ ಅನುವಾದಕ ವಿಲಿಯಂ ಟಿಂಡೇಲ್‌ನಿಗೆ 1536ರಲ್ಲಿ ಧರ್ಮದ್ರೋಹದ ಆರೋಪದ ಮೇಲೆ ಮರಣದಂಡನೆಯಾಯಿತು. 1545ರ ಡಿಸೆಂಬರ್ 24ರಂದು ಎಂಟನೆಯ ಹೆನ್ರಿ ಪಾರ್ಲಿಮೆಂಟಿನಲ್ಲಿ ಮಾತನಾಡುತ್ತ, ಹಳೆಯ ಮಂಪ್ಸಿಮಸ್‌ಗೆ ಅಂಟಿಕೊಂಡವರನ್ನೂ ಹೊಸ ಸಂಪ್ಸಿಮಸ್‌ನಲ್ಲಿ ಅತ್ಯುತ್ಸಾಹ ತೋರುವವರನ್ನೂ ಒಟ್ಟಿಗೆ ಖಂಡಿಸಿದನು. ಪಾದ್ರಿಯನ್ನು ಅಣಕಿಸಲು ಹುಟ್ಟಿದ ಕಥೆ ಹೀಗೆ ತಿದ್ದುವವರತ್ತಲೂ ತಿರುಗಿತು.

ಮೌಖಿಕ ಪರಂಪರೆಯ ಅಧ್ಯಯನದಲ್ಲಿ ಪಾಠಾಂತರವನ್ನು ತಪ್ಪೆಂದು ಎಣಿಸುವುದಿಲ್ಲ. ಹಾಗೆಂದು ಮಂಪ್ಸಿಮಸ್ ಅನ್ನು ಪಾಠಾಂತರವೆಂದು ಸಮರ್ಥಿಸುವುದೂ ಸಲ್ಲದು. ಜನಪದ ಗಾಯಕರ ಪಾಠಾಂತರದಲ್ಲಿ ಕಥೆ ಮರುಹುಟ್ಟು ಪಡೆಯುತ್ತದೆ; ಇಲ್ಲಿ ಅರ್ಥವೇ ಕಳಚಿಹೋಗಿದೆ. ಆದರೆ ಆಚರಣೆಯ ಮಾತಿಗೆ ಅರ್ಥದಷ್ಟೇ ಉಚ್ಚಾರದ ನಿರಂತರತೆಯೂ ಬಲ ಕೊಡುತ್ತದೆ. ಪಾದ್ರಿಯ ಹಟದಲ್ಲಿ ಅಜ್ಞಾನದೊಂದಿಗೆ ಆ ನಂಬಿಕೆಯೂ ಇದ್ದಿರಬಹುದು. ಈ ಕಥೆಯನ್ನು ದಾಖಲಿಸಿದವರೆಲ್ಲರೂ ಗ್ರಂಥಪಾಠದ ವಿದ್ವಾಂಸರು. ಪಾದ್ರಿಯ ಪಕ್ಷದಿಂದ ಅದನ್ನು ಹೇಳಿದವರಿಲ್ಲ. ಅಕ್ಷರಸ್ಥರು ಬರೆದಿಟ್ಟ ಮೌಖಿಕ ಪ್ರಸಂಗಗಳನ್ನು ಓದುವಾಗ, ನಗುತ್ತಿರುವವರು ಯಾರು ಎಂದು ಕೇಳಿಕೊಳ್ಳುವುದು ಅಗತ್ಯ.